ಯಾಪ್ಯ

ಹೊಸನಗರದ ಕಡೆಯ ಒಬ್ಬ ಅಡಕೆ ಬೆಳೆಗಾರರನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ವಯಸ್ಸು 58. ಎರಡೆಕರೆ ತೋಟ, ಹಳೆಯ ಹೆಂಚಿನ ಮನೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ, ಮದುವೆಯ ವಯಸ್ಸಿಗೆ ಬಂದ ಮಗಳು. ಕೊನೆಕೊಯ್ಲಿನ ಕಾಲ. ಅಂಗಳದ ಒಲೆಯ ಮೇಲೆ ಅಡಕೆಯ ಹಂಡೆ ಕುದಿಯುತ್ತಿದೆ. ಜಗುಲಿಯಲ್ಲಿ ಸುಲಿಯುವವರ ಮಾತು ನಡೆದಿದೆ. ಬೆಳಗ್ಗೆ ಮುಖಕ್ಷೌರ ಮಾಡಿಕೊಳ್ಳುವಾಗ ಯಜಮಾನರ ಬೆರಳಿಗೆ ಕುತ್ತಿಗೆಯ ಎಡಮಗ್ಗುಲಲ್ಲಿ ಸುಲಿದ ಅಡಕೆಯಷ್ಟು ಗಾತ್ರದ ಗಂಟೊಂದು ಸಿಕ್ಕುತ್ತದೆ. ಒತ್ತಿದರೆ ನೋವಿಲ್ಲ. ಜ್ವರವಿಲ್ಲ, ಊಟಕ್ಕೆ ಅರುಚಿಯಿಲ್ಲ, ತೋಟದ ಏರಿಯನ್ನು ಹತ್ತುವಾಗ ಉಬ್ಬಸವಿಲ್ಲ. ಕೊಯ್ಲು ಮುಗಿಯಲಿ ಎಂದುಕೊಳ್ಳುತ್ತಾರೆ. ಕೊಯ್ಲು ಮುಗಿಯುವ ಹೊತ್ತಿಗೆ ಗಂಟು ಒಂದಿದ್ದದ್ದು ಎರಡಾಗಿರುತ್ತದೆ.

ಮಲೆನಾಡಿನ ಜನರಿಗೆ ಗಂಟುಗಳೆಂದರೆ ಮೊದಲು ನೆನಪಾಗುವುದು ಬೇರೆ ಎರಡು ರೋಗಗಳು. ಒಂದು, ಗಂಡಮಾಲೆ, ಅಂದರೆ ಗ್ರಂಥಿಗಳಿಗೆ ತಗಲುವ ಕ್ಷಯ. ಇನ್ನೊಂದು ಈ ನೆಲದ್ದೇ ಆದ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು ಆ ಕಾಡಿನ ಹೆಸರನ್ನೇ ಜಗತ್ತಿನ ವೈದ್ಯಗ್ರಂಥಗಳಿಗೆ ಕೊಟ್ಟ ಈ ಜ್ವರದಲ್ಲಿಯೂ ಕುತ್ತಿಗೆಯ, ಕಂಕುಳಿನ ಗ್ರಂಥಿಗಳು ಊದಿಕೊಳ್ಳುವುದುಂಟು. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ 2019ರ ಆರಂಭದಲ್ಲಿ ಅದು ಉಂಟುಮಾಡಿದ ಭಯವನ್ನು ಮಲೆನಾಡು ಇನ್ನೂ ಮರೆತಿಲ್ಲ. ಆದರೆ ಮಂಗನ ಕಾಯಿಲೆ ಅವಸರದ ರೋಗ. ಉಣ್ಣೆ ಕಚ್ಚಿದ ಕೆಲವೇ ದಿನಗಳಲ್ಲಿ ಜ್ವರ ಏರುತ್ತದೆ. ಒಂದೆರಡು ವಾರಗಳಲ್ಲಿ ಬದುಕೋ ಸಾವೋ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಯಜಮಾನರ ಕುತ್ತಿಗೆಯಲ್ಲಿ ಕುಳಿತದ್ದು ಆ ಜಾತಿಯದಲ್ಲ. ಅದಕ್ಕೆ ಯಾವ ಅವಸರವೂ ಇಲ್ಲ.

ಸಾಗರದ ವೈದ್ಯರು ಗಂಟನ್ನು ಮುಟ್ಟಿ ನೋಡಿ, ಸೂಜಿಯಿಂದ ಒಂದಿಷ್ಟು ಅಂಶವನ್ನು ಹೀರಿ ಪರೀಕ್ಷೆಗೆ ಕಳುಹಿಸುತ್ತಾರೆ. ಸೂಜಿಯ ಪರೀಕ್ಷೆ ಸಂಶಯವನ್ನು ಹುಟ್ಟಿಸುತ್ತದೆಯೇ ಹೊರತು ಅದನ್ನು ಬಗೆಹರಿಸುವುದಿಲ್ಲ. ಇಲ್ಲಿಯೇ ಹಲವರು ಎಡವುವುದು. ನಮ್ಮ ದೇಶದಲ್ಲಿ ಕ್ಷಯ ಅತಿ ಸಾಮಾನ್ಯವಾದುದರಿಂದ ಗಂಟು ಕಂಡೊಡನೆ ಅಂದಾಜಿನ ಮೇಲೆ ಕ್ಷಯದ ಮಾತ್ರೆಗಳನ್ನು ಆರು ತಿಂಗಳು ನುಂಗಿಸಿ ಆಮೇಲೆ ಕಣ್ಣುತೆರೆದವರಿದ್ದಾರೆ. ಸರಿಯಾದ ಕ್ರಮವೆಂದರೆ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುವುದು. ಗ್ರಂಥಿಯೊಳಗಿನ ಜೀವಕೋಶಗಳು ಯಾವುವು ಎಂಬುದರಷ್ಟೇ ಅವು ಹೇಗೆ ಸಾಲುಗೂಡಿವೆ ಎಂಬುದೂ ಮುಖ್ಯ. ತೋಟದ ಒಂದು ಮರವನ್ನು ಕಡಿದು ತಂದು ತೋರಿಸಿದರೆ ತೋಟದ ಬಣ್ಣ, ಬಸಿಗಾಲುವೆ, ಮರದಿಂದ ಮರಕ್ಕಿರುವ ಅಂತರ ತಿಳಿಯುವುದುಂಟೆ? ಇಡೀ ಗ್ರಂಥಿ ಸಿಕ್ಕಿದರೆ, ಅದರ ತೆಳ್ಳನೆಯ ಪದರಗಳಿಗೆ ಬೇರೆಬೇರೆ ವರ್ಣಕಗಳನ್ನು ಕಟ್ಟಿ, ಇದು ಯಾವ ಬಗೆಯ ಕೋಶವೆಂದು ರೋಗಶಾಸ್ತ್ರಜ್ಞರು ಹೆಸರಿಟ್ಟು ಹೇಳಬಲ್ಲರು.

ಹತ್ತು ಹದಿನೈದು ದಿನಗಳ ಮೇಲೆ ವರದಿ ಬರುತ್ತದೆ: ಫಾಲಿಕ್ಯುಲರ್ ಲಿಂಫೋಮಾ, ಮೊದಲನೆಯ ದರ್ಜೆ. ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆ. ಸ್ಕ್ಯಾನ್ ಮಾಡಿಸಿದಾಗ ಕುತ್ತಿಗೆಯಲ್ಲದೆ ಕಂಕುಳಿನಲ್ಲಿಯೂ ಹೊಟ್ಟೆಯೊಳಗೂ ಸಣ್ಣ ಗಂಟುಗಳು ಕಾಣುತ್ತವೆ. ಮೂಳೆಯ ಮಜ್ಜೆಯಲ್ಲಿಯೂ ರೋಗವಿದೆ. ದೊಡ್ಡ ಆಸ್ಪತ್ರೆಯ ತಜ್ಞರು ಕಾಗದಗಳನ್ನೆಲ್ಲ ನೋಡಿ ಮುಗಿಸಿ ಹೇಳುವ ಮಾತು ಮನೆಯವರ ಪಾಲಿಗೆ ರೋಗಕ್ಕಿಂತ ದೊಡ್ಡ ಆಘಾತ.

“ಯಜಮಾನರೇ, ಇದು ಕ್ಯಾನ್ಸರ್ ಹೌದು. ನಾಲ್ಕನೆಯ ಹಂತದಲ್ಲಿದೆ. ಈಗ ಔಷಧ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ.”

ಔಷಧ ಬೇಡವೆಂದರೆ ಕೈಬಿಟ್ಟರೆಂದೇ ಅರ್ಥವಲ್ಲವೆ? ಮಗ ಬೆಂಗಳೂರಿಗೆ ಇಂದೇ ಹೊರಡೋಣವೆನ್ನುತ್ತಾನೆ. “ಅಪ್ಪಯ್ಯ, ಹಣದ ಮಾತು ನೀವು ಆಡಬೇಡಿ” ಎನ್ನುತ್ತಾನೆ. ಯಜಮಾನರ ಹೆಂಡತಿಯ ತಮ್ಮ, “ಭಾವ, ಅದೆಲ್ಲ ಬಿಡಿ. ನಮ್ಮೂರಿನಲ್ಲೇ ಚಕ್ಕೆ ಔಷಧಿ ತಗೊಂಡು ಹತ್ತು ವರ್ಷ ಬದುಕಿದವರಿದ್ದಾರೆ” ಎನ್ನುತ್ತಾನೆ. ಮನೆಯಾಕೆ ಏನೂ ಹೇಳುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, ಎಷ್ಟು ದಿನವಂತೆ ಎಂದಷ್ಟೇ ಕೇಳುತ್ತಾಳೆ.

ಈ ಮೂರು ಮಾತುಗಳಲ್ಲಿಯೂ ಒಂದೊಂದು ತಿರುಳಿದೆ. ಮನೆಯಾಕೆಯ ಪ್ರಶ್ನೆಯೇ ಅವುಗಳಲ್ಲಿ ಹಳೆಯದು.

ರೋಗದ ಮುಂದಿನ ಗತಿಯನ್ನು ತೂಗಿನೋಡದೆ ಚಿಕಿತ್ಸೆಗೆ ಕೈಹಾಕಬಾರದೆಂಬುದು ನಮ್ಮ ಪ್ರಾಚೀನ ವೈದ್ಯರ ಮೊದಲ ಪಾಠ. ಚರಕಸಂಹಿತೆ ಇದಕ್ಕಾಗಿ ರೋಗಗಳನ್ನು ಸುಖಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿತು. ಮೊದಲ ಎರಡರ ಅರ್ಥವೂ ಕಡೆಯದರ ಅರ್ಥವೂ ಎಲ್ಲರಿಗೂ ತಿಳಿದದ್ದೇ. ಯಾಪ್ಯವೆಂಬ ಮೂರನೆಯ ಮಾತು ಮಾತ್ರ ನಮ್ಮ ಬಳಕೆಯಿಂದ ಜಾರಿಹೋಗಿದೆ. ಗುಣವಾಗುವುದೂ ಇಲ್ಲ, ಕೊಂದುಬಿಡುವುದೂ ಇಲ್ಲ. ಪಥ್ಯ ಉಪಚಾರಗಳಿಂದ ತಡೆದುಕೊಂಡು ಕಾಲವನ್ನು ಸಾಗಿಸಬಹುದಾದ ರೋಗ ಯಾಪ್ಯ. ಇಂಥ ರೋಗಿಗೆ ಚಿಕಿತ್ಸೆಯು ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆಯ ಕಂಬದಂತೆ ಎಂಬ ಹೋಲಿಕೆ ಸುಶ್ರುತಸಂಹಿತೆಯಲ್ಲಿದೆ. ಮಳೆಗಾಲ ಹತ್ತಿರವಾದಾಗ ಹಳೆಯ ಗೋಡೆಗೆ ಕಂಬ ಕೊಟ್ಟು ಹತ್ತಾರು ವರ್ಷ ಅದರಲ್ಲಿಯೇ ಬಾಳಿದ ಮನೆಗಳನ್ನು ಬಲ್ಲ ಮಲೆನಾಡಿಗನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಕ್ಕರೆ ಕಾಯಿಲೆಯನ್ನು ಹೀಗೆಯೇ ಜನ ಒಪ್ಪಿಕೊಂಡಿದ್ದಾರೆ. ಕ್ಯಾನ್ಸರಿನಲ್ಲಿಯೂ ಯಾಪ್ಯವೆಂಬುದು ಉಂಟೆಂದು ನಂಬಲು ಮಾತ್ರ ಮನಸ್ಸು ಒಪ್ಪುವುದಿಲ್ಲ.

ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯ 1832ರಲ್ಲಿ ಗ್ರಂಥಿಗಳ ಊತದಿಂದ ಸತ್ತವರ ಕೆಲವು ದೃಷ್ಟಾಂತಗಳನ್ನು ವರ್ಣಿಸಿದಂದಿನಿಂದ ಈ ಕುಲದ ರೋಗಗಳ ಅಭ್ಯಾಸ ನಡೆದುಬಂದಿದೆ. ನಿಧಾನದ ಈ ಬಗೆಯನ್ನು ನ್ಯೂಯಾರ್ಕಿನ ಬ್ರಿಲ್ ಮತ್ತವರ ಸಂಗಡಿಗರು 1925ರಲ್ಲಿ, ಸಿಮ್ಮರ್ಸ್ ಎಂಬವರು 1927ರಲ್ಲಿ ಬೇರ್ಪಡಿಸಿ ತೋರಿಸಿದರು. ಮೊದಮೊದಲು ಇದು ಕ್ಯಾನ್ಸರೇ ಅಲ್ಲವೇನೋ ಎಂಬ ಅನುಮಾನವಿತ್ತು; ರೋಗಿಗಳು ಅಷ್ಟು ನೆಮ್ಮದಿಯಾಗಿ ಓಡಾಡಿಕೊಂಡಿರುತ್ತಿದ್ದರು.

ಅದರ ನಿಧಾನಕ್ಕೆ ಕಾರಣವೂ ಈಗ ತಿಳಿದಿದೆ. ಅಡಕೆ ಮರದಲ್ಲಿ ಹೊಸ ಸೋಗೆ ಮೇಲೆ ಬಂದಂತೆ ಹಣ್ಣಾದ ಸೋಗೆ ಹಾಳೆಯ ಸಮೇತ ತಾನಾಗಿ ಕಳಚಿ ಬೀಳುತ್ತದೆ. ದೇಹದ ಜೀವಕೋಶಗಳಿಗೂ ಹೀಗೆಯೇ ಕಾಲ ಮುಗಿದೊಡನೆ ಉದುರುವ ಧರ್ಮವಿದೆ. ಈ ರೋಗದಲ್ಲಿ ಬಹುಪಾಲು ರೋಗಿಗಳ ಕೋಶಗಳೊಳಗೆ 14ನೆಯ ಮತ್ತು 18ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ. ಅದರಿಂದಾಗಿ, ಸಾಯಬೇಡವೆಂದು ಅಪ್ಪಣೆ ಕೊಡುವ ಒಂದು ಪದಾರ್ಥ ಎಡೆಬಿಡದೆ ಉತ್ಪತ್ತಿಯಾಗುತ್ತದೆ. ಕೋಶ ಅವಸರದಿಂದ ಒಡೆದು ನೂರಾಗುವುದಿಲ್ಲ. ಉದುರಬೇಕಾದಾಗ ಉದುರದೆ ಉಳಿದುಬಿಡುತ್ತದೆ. ಹಳೆಯ ಸೋಗೆ ಬೀಳದೆ ಮರದಲ್ಲೇ ನಿಂತಂತೆ, ಗಂಟು ವರ್ಷಗಟ್ಟಲೆ ಮೆಲ್ಲಗೆ ದಪ್ಪವಾಗುತ್ತದೆ. ಕ್ಯಾನ್ಸರಿನ ಹಳೆಯ ಔಷಧಗಳಲ್ಲಿ ಹೆಚ್ಚಿನವು ವೇಗವಾಗಿ ಒಡೆಯುವ ಕೋಶಗಳನ್ನು ಹುಡುಕಿ ಹೊಡೆಯತಕ್ಕವು. ನಿಧಾನಿಯು ಅವುಗಳಿಗೆ ಪೂರ್ತಿಯಾಗಿ ಸಿಕ್ಕುವುದಿಲ್ಲ. ರೋಗ ತಗ್ಗುತ್ತದೆ, ಕೆಲವು ವರ್ಷಗಳ ಮೇಲೆ ಮತ್ತೆ ತಲೆಯೆತ್ತುತ್ತದೆ.

ಇನ್ನು ನಾಲ್ಕನೆಯ ಹಂತವೆಂಬ ಮಾತು. ಜಠರದ ಅಥವಾ ಶ್ವಾಸಕೋಶದ ಕ್ಯಾನ್ಸರಿನಲ್ಲಿ ನಾಲ್ಕನೆಯ ಹಂತವೆಂದರೆ ಆಸೆ ಕಡಮೆಯೆಂದು ಅರ್ಥ. ಅದೇ ಅರ್ಥವನ್ನು ಇಲ್ಲಿಗೆ ತಂದುಕೊಂಡು ಎದೆಯೊಡೆದುಕೊಳ್ಳುವುದು ತಪ್ಪು. ಅಮೆರಿಕದ ಆ್ಯನ್ ಆರ್ಬರ್ ಎಂಬ ಊರಿನಲ್ಲಿ ವೈದ್ಯರು ಸೇರಿ ಗೊತ್ತುಮಾಡಿ 1971ರಲ್ಲಿ ಪ್ರಕಟಿಸಿದ ಕ್ರಮದಂತೆ, ಮಜ್ಜೆಯಲ್ಲಿ ರೋಗ ಕಂಡರೆ ಅದು ನಾಲ್ಕನೆಯ ಹಂತ. ದುಗ್ಧರಸದ ಕೋಶಗಳು ಮೊದಲೇ ಮೈಯೆಲ್ಲ ಸಂಚರಿಸುವ ಜಾತಿಯವು. ಅವು ಮಜ್ಜೆಯಲ್ಲಿ ಸಿಕ್ಕುವುದರಲ್ಲಿ ಆಶ್ಚರ್ಯವಿಲ್ಲ. ಈ ರೋಗ ಪತ್ತೆಯಾಗುವಾಗಲೇ ಬಹುಮಂದಿಯಲ್ಲಿ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿರುತ್ತದೆ. ಅಂಥವರಲ್ಲಿ ಅನೇಕರು ಹದಿನೈದು ಇಪ್ಪತ್ತು ವರ್ಷ ಬಾಳಿದ್ದಾರೆ.

ಹಾಗಾದರೆ ಎಷ್ಟು ದಿನ? ಇದನ್ನು ಅಂದಾಜು ಮಾಡುವುದಕ್ಕೆ 2004ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ, 1985ರಿಂದ 1992ರವರೆಗೆ ರೋಗ ಪತ್ತೆಯಾದ ನಾಲ್ಕು ಸಾವಿರಕ್ಕೂ ಮಿಕ್ಕ ರೋಗಿಗಳ ವಿವರಗಳಿಂದ ಒಂದು ಅಳತೆಗೋಲನ್ನು ಸಿದ್ಧಪಡಿಸಿದರು. ಕೇಳುವ ಪ್ರಶ್ನೆಗಳು ಐದೇ. ವಯಸ್ಸು 60 ದಾಟಿದೆಯೆ? ರೋಗ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿದೆಯೆ? ರಕ್ತದ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕೆಳಗಿದೆಯೆ? ನಾಲ್ಕಕ್ಕಿಂತ ಹೆಚ್ಚು ಸ್ಥಾನಗಳಲ್ಲಿ ಗಂಟುಗಳಿವೆಯೆ? ರಕ್ತದಲ್ಲಿ ಎಲ್.ಡಿ.ಎಚ್. ಎಂಬ ಅಂಶ ಮಿತಿ ಮೀರಿದೆಯೆ? ಹೌದೆಂಬ ಒಂದೊಂದು ಉತ್ತರಕ್ಕೂ ಒಂದೊಂದು ಅಂಕ. ಸೊನ್ನೆ ಅಥವಾ ಒಂದು ಅಂಕದವರಲ್ಲಿ ನೂರಕ್ಕೆ 71 ಮಂದಿ ಹತ್ತು ವರ್ಷಗಳ ಮೇಲೂ ಬದುಕಿದ್ದರು. ಎರಡು ಅಂಕದವರಲ್ಲಿ 51 ಮಂದಿ. ಮೂರು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ 36 ಮಂದಿ.

ಯಜಮಾನರಿಗೆ ಹಂತದ ಅಂಕವೊಂದೇ. ವಯಸ್ಸು 58, ಹಿಮೋಗ್ಲೋಬಿನ್ 13ಕ್ಕೆ ಮೇಲೆ, ಗಂಟುಗಳಿರುವ ಸ್ಥಾನ ಮೂರು, ಎಲ್.ಡಿ.ಎಚ್. ಸಹಜ. ಆ ಲೆಕ್ಕವಾದರೂ ಇಂದಿನ ಒಳ್ಳೆಯ ಔಷಧಗಳು ಬರುವುದಕ್ಕೆ ಮೊದಲು ಚಿಕಿತ್ಸೆ ಪಡೆದವರದು. ಇಂದಿನ ರೋಗಿಯ ಕಾಲ ಅದಕ್ಕಿಂತ ಉತ್ತಮವಾಗಿದೆ. ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ನೂರರಲ್ಲಿ ಎಪ್ಪತ್ತೊಂದೆಂದರೆ ನೂರು ಮಂದಿಯ ಗುಂಪಿನ ವಿಷಯ. ಆ ಗುಂಪಿನಲ್ಲಿ ಯಜಮಾನರು ಎಲ್ಲಿ ನಿಂತಿದ್ದಾರೆಂದು ಅಳತೆಗೋಲು ಹೇಳಲಾರದು. ಮುಂಗಾರು ಸರಾಸರಿಯಷ್ಟು ಬರುವುದೆಂದು ಹವಾಮಾನದ ಇಲಾಖೆ ಸಾರಿದರೆ, ನಮ್ಮ ತೋಟಕ್ಕೆ ಕೊಳೆರೋಗ ಬರುವುದಿಲ್ಲವೆಂದು ಯಾರೂ ತಿಳಿಯುವುದಿಲ್ಲವಷ್ಟೆ.

ಮಗನ ಅವಸರಕ್ಕೆ ಉತ್ತರ ಬೇರೊಂದು ಕಡೆಯಲ್ಲಿದೆ. ರೋಗವಿದೆಯೆಂದು ಗೊತ್ತಿದ್ದೂ ಸುಮ್ಮನಿರುವುದು ಸರಿಯೆ ಎಂಬುದನ್ನು ಬ್ರಿಟನ್ನಿನ ವೈದ್ಯರು ಪರೀಕ್ಷೆಗೆ ಒಡ್ಡಿ ನೋಡಿದರು. ತೊಂದರೆಯಿಲ್ಲದ, ಆದರೆ ರೋಗ ಹರಡಿದ್ದ 309 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಕೂಡಲೆ ಮಾತ್ರೆ ಆರಂಭಿಸಿದರು. ಇನ್ನೊಂದನ್ನು ಕೇವಲ ನೋಡುತ್ತ ಹೋದರು. ಫಲವನ್ನು ಲ್ಯಾನ್ಸೆಟ್ ಪತ್ರಿಕೆ 2003ರಲ್ಲಿ ಪ್ರಕಟಿಸಿತು. ಆಯುಷ್ಯದ ಲೆಕ್ಕದಲ್ಲಿ ಎರಡು ಪಂಗಡಗಳಿಗೂ ಅಂತರವೇ ಇರಲಿಲ್ಲ. ಕಾದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಹತ್ತು ವರ್ಷವಾದರೂ ಔಷಧದ ಅಗತ್ಯ ಬೀಳಲಿಲ್ಲ. 70 ದಾಟಿದವರಲ್ಲಂತೂ ಹತ್ತರಲ್ಲಿ ನಾಲ್ವರಿಗೆ. ರಿಟುಕ್ಸಿಮ್ಯಾಬ್ ಎಂಬ ಹೊಸ ಔಷಧ ಬಂದ ಮೇಲೆ ಇದೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಅದನ್ನು ಮೊದಲೇ ಕೊಟ್ಟರೆ ಮುಂದಿನ ಚಿಕಿತ್ಸೆಯ ದಿನ ದೂರ ಸರಿಯುತ್ತದೆ. ಮೂರು ವರ್ಷಗಳ ಹೊತ್ತಿಗೆ ಔಷಧ ಪಡೆದವರಲ್ಲಿ ನೂರಕ್ಕೆ 88 ಮಂದಿಗೆ ಹೊಸ ಚಿಕಿತ್ಸೆ ಬೇಕಾಗಿರಲಿಲ್ಲ, ಕಾದವರಲ್ಲಿ 46 ಮಂದಿಗೆ ಬೇಕಾಗಿರಲಿಲ್ಲ. ಆಯುಷ್ಯ ಮಾತ್ರ ಆಗಲೂ ಹೆಚ್ಚಲಿಲ್ಲ. ಆದುದರಿಂದ ಮೂರು ತಿಂಗಳು ಬಿಟ್ಟು ಬನ್ನಿರೆಂದ ತಜ್ಞರು ಕೈಬಿಟ್ಟವರಲ್ಲ. ಈಗ ಕೊಟ್ಟರೂ ಆಗ ಕೊಟ್ಟರೂ ಒಂದೇ ಫಲವಿರುವಾಗ, ಔಷಧದ ಕಷ್ಟವನ್ನು ಮುಂದಕ್ಕೆ ಹಾಕಿದವರು. ಸುಮ್ಮನೆ ಕಾಯುವುದು ಎಲ್ಲರ ಸ್ವಭಾವಕ್ಕೂ ಒಗ್ಗುವುದಿಲ್ಲವೆಂಬುದೂ ನಿಜ. ಒಳಗೆ ರೋಗವಿದೆಯೆಂಬ ಚಿಂತೆಯಿಂದ ನಿದ್ರೆಗೆಟ್ಟವನಿಗೆ ನಾಲ್ಕು ವಾರದ ರಿಟುಕ್ಸಿಮ್ಯಾಬ್ ಕೊಡುವುದನ್ನು ತಪ್ಪೆನ್ನಲಾಗದು.

ಹೀಗೆ ಕಾದವರಲ್ಲಿ ಇನ್ನೊಂದು ವಿಚಿತ್ರ ಕಂಡುಬಂದಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಾರ್ನಿಂಗ್ ಮತ್ತು ರೋಸೆನ್‌ಬರ್ಗ್ ಎಂಬ ವೈದ್ಯರು 1984ರಲ್ಲಿ, ಯಾವ ಔಷಧವನ್ನೂ ಕೊಡದೆ ನೋಡಿಕೊಂಡ 83 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 19 ಮಂದಿಯ ಗಂಟುಗಳು ತಾವಾಗಿಯೇ ಕುಗ್ಗಿದ್ದವು.

ಈ ಒಂದು ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡು ಭಾವಮೈದುನನ ಮಾತಿಗೆ ಬರಬೇಕು.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಆನಂದಪುರ ಸಿಕ್ಕುತ್ತದೆ. ಅದರ ಸಮೀಪದ ನರಸೀಪುರವೆಂಬ ಹಳ್ಳಿಯ ಹೆಸರು ಭಾರತದ ನಾನಾ ಪ್ರಾಂತಗಳ ಕ್ಯಾನ್ಸರ್ ರೋಗಿಗಳ ಬಾಯಲ್ಲಿತ್ತು. ಅಲ್ಲಿನ ವೈದ್ಯ ನಾರಾಯಣಮೂರ್ತಿಯವರು ಮರದ ಚಕ್ಕೆಯ ಔಷಧಿ ಕೊಡುತ್ತಿದ್ದರು. ಗುರುವಾರ ಮತ್ತು ಭಾನುವಾರಗಳಂದು, ಬೆಳಗಾಗುವುದಕ್ಕೆ ಮೊದಲೇ ಅವರ ಮನೆಯ ಮುಂದೆ ಉದ್ದನೆಯ ಸಾಲು ನಿಲ್ಲುತ್ತಿತ್ತು. ಉತ್ತರದೇಶದ ಭಾಷೆಗಳನ್ನಾಡುವವರು ಹಿಂದಿನ ರಾತ್ರಿಯೇ ಬಂದು ಚಳಿಯಲ್ಲಿ ಕಾಯುತ್ತಿದ್ದರು. 2020ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಆ ಸಾಲಿನಲ್ಲಿ ನಿಂತವರನ್ನು ಅಜ್ಞರೆಂದು ಹಳಿಯುವುದು ಸುಲಭ. ಎಷ್ಟೋ ಮಂದಿ ದೊಡ್ಡ ಆಸ್ಪತ್ರೆಗಳ ವರದಿಗಳ ಕಂತೆಯನ್ನು ಬಗಲಲ್ಲಿಟ್ಟುಕೊಂಡೇ ಬಂದವರು. ಇನ್ನು ಮಾಡುವುದೇನೂ ಇಲ್ಲವೆಂಬ ಮಾತು ಕೇಳಿ ಬಂದವರು. ಆಸೆಯನ್ನು ಕೊಡುವ ಬಾಗಿಲು ಅದೊಂದೇ ತೆರೆದಿದ್ದರೆ ಮನುಷ್ಯ ಅಲ್ಲಿಗೆ ಹೋಗದೆ ಮತ್ತೆಲ್ಲಿಗೆ ಹೋದಾನು?

ಗಿಡಮರಗಳಲ್ಲಿ ಕ್ಯಾನ್ಸರಿನ ಔಷಧವಿಲ್ಲವೆಂದೂ ಹೇಳಲಾಗದು. ಲಿಂಫೋಮಾಕ್ಕೆ ಇಂದಿಗೂ ಕೊಡುವ ವಿನ್‌ಕ್ರಿಸ್ಟೀನ್ ಬಂದದ್ದು ನಮ್ಮ ಅಂಗಳಗಳ ನಿತ್ಯಪುಷ್ಪದ ಗಿಡದಿಂದ. ಅಮೆರಿಕದಲ್ಲಿ ಅದರ ಬಳಕೆಗೆ ಒಪ್ಪಿಗೆ ದೊರೆತದ್ದು 1963ರಲ್ಲಿ. ಪಶ್ಚಿಮಘಟ್ಟದ ಕಾಡಿನಲ್ಲಿ ದುರ್ವಾಸನೆ ಮರವೆಂಬುದೊಂದಿದೆ. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಚೀನಾ ದೇಶದ ಒಂದು ಮರದಲ್ಲಿ 1966ರಲ್ಲಿ ಕಂಡರು. ನಮ್ಮ ಈ ಮರದಲ್ಲಿಯೂ ಅದು ಹೇರಳವಾಗಿದೆಯೆಂದು 1972ರಲ್ಲಿ ತಿಳಿದುಬಂತು. ಅದರಿಂದ ಮಾಡಿದ ಔಷಧಗಳು ಕರುಳಿನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಉಪಯೋಗವಾಗುತ್ತಿವೆ. ಆದರೆ ನಿತ್ಯಪುಷ್ಪದ ಒಣಗಿದ ಎಲೆ ನೂರಾರು ಕಿಲೋ ಸೇರಿದರೆ ಒಂದು ಗ್ರಾಮ್ ವಿನ್‌ಕ್ರಿಸ್ಟೀನ್ ದೊರೆಯುತ್ತದೆ. ರೋಗಿಗೆ ಒಮ್ಮೆ ಕೊಡುವುದು ಸಾಮಾನ್ಯವಾಗಿ ಎರಡು ಮಿಲಿಗ್ರಾಮಿಗೆ ಮೀರದಂತೆ. ಅದಕ್ಕಿಂತ ಹೆಚ್ಚಾದರೆ ನರಗಳು ಕೆಡುತ್ತವೆ. ಎಲೆಯನ್ನು ಅರೆದು ಕುಡಿದವನಿಗೆ ಎಷ್ಟು ದೊರೆಯಿತೆಂದು ಹೇಳುವವರಾರು?

ಈಗ ಸ್ಟ್ಯಾನ್‌ಫರ್ಡಿನ ಆ 19 ಮಂದಿಯನ್ನು ನೆನೆಯಬೇಕು. ಅವರು ಮಲೆನಾಡಿನಲ್ಲಿದ್ದು ಚಕ್ಕೆಯ ಕಷಾಯ ಕುಡಿದಿದ್ದರೆ ಗಂಟು ಕರಗಿದ ಕೀರ್ತಿ ಕಷಾಯಕ್ಕೆ ಸಲ್ಲುತ್ತಿತ್ತು. ಹರಕೆ ಹೊತ್ತಿದ್ದರೆ ದೇವರಿಗೆ. ಕೀರ್ತಿ ಪಡೆದವರು ಸುಳ್ಳಾಡಿದರೆಂದಲ್ಲ. ಕಣ್ಣಾರೆ ಕಂಡದ್ದನ್ನೇ ಅವರು ಹೇಳುತ್ತಾರೆ. ಗಂಟು ಕರಗಿದವನು ಊರೂರಿಗೆ ಸುದ್ದಿ ಮುಟ್ಟಿಸುತ್ತಾನೆ, ಗುಣವಾಗದೆ ಸತ್ತವನು ಬಂದು ಹೇಳುವುದಿಲ್ಲ. ರೋಗ ತಾನೇ ಏರಿಳಿಯುತ್ತ, ಔಷಧವಿಲ್ಲದೆಯೂ ಹತ್ತು ವರ್ಷ ಬಿಟ್ಟುಕೊಡುವಂಥದಾದರೆ, ಯಾವ ಉಪಚಾರವೂ ಫಲಿಸಿದಂತೆಯೇ ಕಾಣುತ್ತದೆ. ನಿಧಾನದ ಲಿಂಫೋಮಾದ ದೊಡ್ಡ ಮೋಸ ಇದೇ.

ಈ ಮೋಸದ ಬೆಲೆಯನ್ನು ತೆರುವವನು ಯಜಮಾನರಲ್ಲ, ಪಕ್ಕದ ಊರಿನ ಇನ್ನೊಬ್ಬ. ತೀರ್ಥಹಳ್ಳಿಯ ಕಡೆಯ ಇಪ್ಪತ್ತೆರಡರ ಒಬ್ಬ ಹುಡುಗನಿಗೂ ಕುತ್ತಿಗೆಯಲ್ಲಿ ಅಂಥದೇ ಗಂಟು ಬಂದಿದೆಯೆನ್ನಬೇಕು. ಅವನದು ಹಾಡ್ಜ್‌ಕಿನ್ ಲಿಂಫೋಮಾ, ಅಥವಾ ದೊಡ್ಡ ಕೋಶಗಳ ವೇಗದ ಲಿಂಫೋಮಾ. ಹೊರಗಿನಿಂದ ಮುಟ್ಟಿದರೆ ಎರಡು ಗಂಟುಗಳಿಗೂ ಭೇದ ತೋರದು. ಆದರೆ ಅವನ ರೋಗ ಗುಣವಾಗತಕ್ಕದ್ದು. ವೇಗವಾಗಿ ಒಡೆಯುವ ಕೋಶಗಳಾದುದರಿಂದಲೇ ಔಷಧಕ್ಕೆ ಪೂರ್ತಿಯಾಗಿ ಸಿಕ್ಕುತ್ತವೆ. ಹಾಡ್ಜ್‌ಕಿನ್ ರೋಗದ ಆರಂಭದ ಹಂತಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಮಂದಿ ಶಾಶ್ವತವಾಗಿ ಗುಣಹೊಂದುತ್ತಾರೆ. ಕಾದರೆ ಮಾತ್ರ, ಕೆಲವು ತಿಂಗಳುಗಳಲ್ಲಿ ಬಾಗಿಲು ಮುಚ್ಚುತ್ತ ಬರುತ್ತದೆ. ಹೊಸನಗರದ ಯಜಮಾನರು ಚಕ್ಕೆ ಕುಡಿದು ಎಂಟು ವರ್ಷದಿಂದ ಗಟ್ಟಿಯಾಗಿದ್ದಾರೆಂಬ ಸುದ್ದಿ ಕೇಳಿ ಆ ಹುಡುಗನ ತಂದೆ ಆಸ್ಪತ್ರೆಯ ದಾರಿಯನ್ನು ಬಿಟ್ಟರೆ! ನಿಧಾನದ್ದು ಗುಣವಾಗದಿದ್ದರೂ ಕಾಯಬಹುದು. ವೇಗದ್ದು ಗುಣವಾಗುವಂಥದು, ಕಾಯಲಾಗದು. ಯಾವುದು ಯಾವುದೆಂದು ತಿಳಿಸುವುದು ಆ ಇಡೀ ಗ್ರಂಥಿಯ ಪರೀಕ್ಷೆಯೊಂದೇ. ಚಕ್ಕೆ ಕುಡಿಯಲೇಬೇಕೆಂದಿರುವವನು ಸಹ ಅದಕ್ಕೆ ಮೊದಲು ಈ ಪರೀಕ್ಷೆಯನ್ನು ಮುಗಿಸಿಕೊಳ್ಳಬೇಕು. ಕುಡಿಯುವುದನ್ನು ತನ್ನ ವೈದ್ಯರಿಂದ ಮುಚ್ಚಿಡಬಾರದು. ಯಕೃತ್ತು ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಅವರಿಗೆ ತಿಳಿಯಬೇಡವೆ?

ಯಜಮಾನರ ಕಾಯುವಿಕೆಯೂ ಕಣ್ಣುಮುಚ್ಚಿ ಕಾಯುವುದಲ್ಲ. ಯಾವಾಗ ಏಳಬೇಕೆಂಬುದಕ್ಕೆ ಫ್ರಾನ್ಸಿನ ವೈದ್ಯರು ಗುರುತುಗಳನ್ನು ಹಾಕಿಕೊಟ್ಟಿದ್ದಾರೆ. ಒಂದು ಗಂಟು ಏಳು ಸೆಂಟಿಮೀಟರಿಗೆ ಮೀರುವುದು, ಅಥವಾ ಮೂರು ಬೇರೆಬೇರೆ ಕಡೆಗಳ ಗಂಟುಗಳು ಮೂರು ಸೆಂಟಿಮೀಟರಿಗೆ ಮೀರುವುದು. ಗುಲ್ಮ ದೊಡ್ಡದಾಗಿ ತೊಂದರೆ ಕೊಡುವುದು. ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೀರು ತುಂಬುವುದು. ಮಜ್ಜೆ ಸೋತು ರಕ್ತದ ಕಣಗಳು ಇಳಿಯುವುದು. ಕಾರಣ ಕಾಣದ ಜ್ವರ, ಹೊದಿಕೆ ನೆನೆಯುವಷ್ಟು ರಾತ್ರಿಯ ಬೆವರು, ಆರು ತಿಂಗಳಲ್ಲಿ ದೇಹದ ತೂಕ ಹತ್ತರಲ್ಲೊಂದು ಪಾಲು ತಗ್ಗುವುದು. ಇವುಗಳಲ್ಲಿ ಒಂದು ಕಂಡರೂ ಚಿಕಿತ್ಸೆಯ ಕಾಲ ಬಂದಂತೆ. ಇವುಗಳಿಗಿಂತ ಭಯಪಡಬೇಕಾದುದು ಇನ್ನೊಂದಿದೆ. ವರ್ಷಕ್ಕೆ ನೂರರಲ್ಲಿ ಎರಡು ಮೂರು ಮಂದಿಯಲ್ಲಿ ನಿಧಾನದ ರೋಗ ತನ್ನ ಸ್ವಭಾವವನ್ನೇ ಬದಲಿಸಿ ವೇಗದ ರೋಗವಾಗುತ್ತದೆ. ಎಲ್ಲ ಗಂಟುಗಳೂ ಇದ್ದಂತಿರುವಾಗ ಒಂದು ಮಾತ್ರ ವಾರದಿಂದ ವಾರಕ್ಕೆ ಬೆಳೆಯತೊಡಗಿದರೆ, ಎಲ್.ಡಿ.ಎಚ್. ಹಠಾತ್ತನೆ ಏರಿದರೆ, ಆ ಗಂಟನ್ನೇ ತೆಗೆದು ಮತ್ತೆ ಪರೀಕ್ಷಿಸತಕ್ಕದ್ದು. ಹಳೆಯ ವರದಿಯನ್ನು ನಂಬಿ ಕೂಡಬಾರದು.

ಔಷಧದ ಕಾಲ ಬಂದಾಗ ಆಯ್ಕೆಗಳು ಹಲವು. ರೋಗ ಒಂದೇ ಕಡೆ ಇರುವ ಅದೃಷ್ಟವಂತರಿಗೆ ಕಿರಣ ಚಿಕಿತ್ಸೆಯಿಂದ ಬಹುಕಾಲದ ಬಿಡುಗಡೆ ಸಿಕ್ಕುವುದುಂಟು. ಉಳಿದವರಿಗೆ ರಿಟುಕ್ಸಿಮ್ಯಾಬ್ ಬುಡಗಂಬ. ರೋಗದ ಕೋಶಗಳ ಮೈಮೇಲಿರುವ ಒಂದು ಗುರುತನ್ನು ಹಿಡಿದು ಅವನ್ನೇ ನಾಶಮಾಡುವ ಈ ಔಷಧ 1997ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮೊದಲು ನಮ್ಮ ಮಧ್ಯಮವರ್ಗದವರಿಗೆ ಎಟುಕದಷ್ಟು ದುಬಾರಿಯಾಗಿತ್ತು. 2007ರಲ್ಲಿ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಸಂಸ್ಥೆ ಅದರ ಸಮಾನವನ್ನು ತಯಾರಿಸಿದ ಮೇಲೆ ಬೆಲೆ ಇಳಿಯಿತು. ಇದರೊಂದಿಗೆ ಬೆಂಡಮುಸ್ಟೀನ್ ಸೇರಿಸುವುದೋ ಚಾಪ್ ಎಂಬ ಹಳೆಯ ಔಷಧಗಳ ಕೂಟವನ್ನು ಸೇರಿಸುವುದೋ ಎಂಬ ಪ್ರಶ್ನೆಗೆ ಜರ್ಮನಿಯಲ್ಲಿ 514 ಮಂದಿಯ ಮೇಲೆ ನಡೆದ ಪ್ರಯೋಗ 2013ರಲ್ಲಿ ಉತ್ತರ ಕೊಟ್ಟಿತು. ಬೆಂಡಮುಸ್ಟೀನ್ ಪಡೆದವರಲ್ಲಿ ರೋಗ ಮರಳುವುದಕ್ಕೆ ಮೊದಲಿನ ಮಧ್ಯಮ ಅವಧಿ 69 ತಿಂಗಳು, ಚಾಪ್ ಪಡೆದವರಲ್ಲಿ 31. ಕೂದಲುದುರುವ ಸಂಕಟವೂ ಮೊದಲನೆಯವರಿಗಿರಲಿಲ್ಲ. ಸೋಂಕಿನ ಭಯ ಮಾತ್ರ ಬೆಂಡಮುಸ್ಟೀನಿನಲ್ಲಿ ಬಹಳ ಕಾಲ ಉಳಿಯುತ್ತದೆ. ತೋಟದ ಕೆಸರಿನಲ್ಲಿ ದುಡಿಯುವವನು ಇದನ್ನು ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು. ರಿಟುಕ್ಸಿಮ್ಯಾಬ್ ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ರಕ್ತಪರೀಕ್ಷೆ ಆಗಲೇಬೇಕು. ಇಲ್ಲವಾದರೆ ಯಕೃತ್ತಿನಲ್ಲಿ ಮಲಗಿದ್ದ ಆ ರೋಗ ಎದ್ದು ಪ್ರಾಣಕ್ಕೇ ಕುತ್ತು ತಂದೀತು.

ಚಿಕಿತ್ಸೆಯ ಅನಂತರದ ಎರಡು ವರ್ಷಗಳು ಯಾವ ಅಳತೆಗೋಲಿಗಿಂತಲೂ ಚೆನ್ನಾಗಿ ಭವಿಷ್ಯವನ್ನು ಹೇಳುತ್ತವೆ. ಐವರಲ್ಲೊಬ್ಬರಿಗೆ ಆ ಅವಧಿಯೊಳಗೇ ರೋಗ ಮರಳುತ್ತದೆ. ಅಂಥವರಲ್ಲಿ ಐದು ವರ್ಷ ಬದುಕಿ ಉಳಿಯುವವರು ಅರ್ಧದಷ್ಟು. ಎರಡು ವರ್ಷ ದಾಟಿದವರಲ್ಲಿ ಹತ್ತಕ್ಕೆ ಒಂಬತ್ತು. ಮರಳಿದವರಿಗೆ ಲೆನಾಲಿಡೊಮೈಡ್ ಮುಂತಾದ ಮಾತ್ರೆಗಳಿವೆ. ರೋಗಿಯ ಸ್ವಂತ ಶ್ವೇತಕಣಗಳನ್ನೇ ತೆಗೆದು, ರೋಗವನ್ನು ಗುರುತಿಸುವಂತೆ ತಿದ್ದಿ, ಮರಳಿ ಮೈಗೆ ಸೇರಿಸುವ ಚಿಕಿತ್ಸೆಯೂ ಬಂದಿದೆ, ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಕೂಡಿ ರೂಪಿಸಿದ ಇಂಥದೊಂದಕ್ಕೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ದೊರೆಯಿತು. ಹೊಸನಗರದವರ ಕೈಗೆ ಅದು ಎಂದು ಎಟುಕುವುದೋ ಬೇರೆ ಮಾತು.

ಹಣದ ಮಾತನ್ನು ಮಗ ಬೇಡವೆಂದರೂ ಆಡದೆ ಇರಲಾಗುವುದಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಸರ್ಕಾರದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಪಡಿತರ ಚೀಟಿಯಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಆ ರೇಖೆಯ ಮೇಲಿನವರಿಗೆ ನಿಗದಿಯಾದ ದರದ ನೂರಕ್ಕೆ 30ರಷ್ಟು. ಚೀಟಿಯ ಬಣ್ಣವನ್ನು ವಿಚಾರಿಸದೆ ತೋಟವನ್ನು ಒತ್ತೆಯಿಡಲು ಹೊರಡುವವರಿಗೆ ಈ ಮಾತು ಮೊದಲು ತಿಳಿದಿರಬೇಕು. ದಾರಿಯ ಲೆಕ್ಕವೂ ಬೇಕು. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ, ಹೊಸನಗರದವರಿಗೆ ಹುಲಿಕಲ್ ಘಾಟಿ, ಸಾಗರದವರಿಗೆ ರೈಲು. ಆರು ಸುತ್ತಿನ ಔಷಧ ಮಳೆಗಾಲದಲ್ಲಿ ಬಿದ್ದರೆ, ಗುಡ್ಡ ಕುಸಿದು ಘಾಟಿ ಮುಚ್ಚಿದ ದಿನವೇ ಜ್ವರ ಬಂದರೆ ಎಲ್ಲಿಗೆ ಓಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು. ಔಷಧದ ನಡುವೆ ಬರುವ ಜ್ವರ ಬೆಳಗಿನವರೆಗೆ ಕಾಯುವಂಥದಲ್ಲ.

ಮಗನೊಡನೆ ಯಜಮಾನರು ಇನ್ನೊಬ್ಬ ತಜ್ಞರನ್ನೂ ಕಂಡು ಬರುತ್ತಾರೆ. ಅವರೂ ಅದೇ ಮಾತನ್ನು ಹೇಳುತ್ತಾರೆ. ಮಗಳ ಮದುವೆಯನ್ನು ಮುಂದಿನ ವೈಶಾಖಕ್ಕೆ ಗೊತ್ತುಮಾಡಬಹುದೇ ಎಂಬ ಮನೆಯಾಕೆಯ ಪ್ರಶ್ನೆಗೆ, ಧಾರಾಳವಾಗಿ ಮಾಡಿ ಎಂಬ ಉತ್ತರ ಬರುತ್ತದೆ. ಹೊರಡುವಾಗ ತಜ್ಞರು ಮುಂದಿನ ಪರೀಕ್ಷೆಯ ದಿನವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಮೇ ತಿಂಗಳ ಕೊನೆಯ ವಾರ. ಯಜಮಾನರು ಚೀಟಿಯನ್ನು ತಿರುಗಿಸಿ ನೋಡುತ್ತಾರೆ.

“ಡಾಕ್ಟರೇ, ಅದು ಕೊಳೆ ಔಷಧಿ ಹೊಡೆಯುವ ಕಾಲ. ಆಳು ಒಮ್ಮೆ ತಪ್ಪಿದರೆ ಮತ್ತೆ ಸಿಕ್ಕುವುದಿಲ್ಲ. ಒಂದು ವಾರ ಆಚೀಚೆ ಆದರೆ ನಡೆದೀತೆ?”

ನಡೆಯುತ್ತದೆಂದು ತಜ್ಞರು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ದಿನಾಂಕವನ್ನು ತಿದ್ದುತ್ತಾರೆ.